ಕೊಡಗಿನ ಮಳೆಗಾಲಕ್ಕೆ ಯಾವ ಬ್ಯಾಟರಿ: ಸೀಸವೋ, ಲಿಥಿಯಮ್ಮೋ, ಸೋಡಿಯಮ್ಮಿಗೆ ಕಾಯುವುದೋ?

ಬ್ಯಾಟರಿ ಅಂಗಡಿಗೆ ಹೋದರೆ ಮೊದಲು ಕೇಳುವುದು "ಎಷ್ಟು ಎಎಚ್ ಬೇಕು?" ಎಂದು. ಎಎಚ್ ಎಂದರೆ ಆಂಪಿಯರ್‌ಅವರ್, ಬ್ಯಾಟರಿ ಎಷ್ಟು ಚಾರ್ಜು ಹಿಡಿಯುತ್ತದೆ ಎಂಬುದರ ಅಳತೆ. ಕೊಡಗಿನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಪೂರ್ತಿ ಚಾರ್ಜು ಸಿಗದೆ, ಅರ್ಧಂಬರ್ಧ ತುಂಬಿದ ಸ್ಥಿತಿಯಲ್ಲೇ ವಾರಗಟ್ಟಲೆ ಕಳೆದ ಬ್ಯಾಟರಿ ಅಕ್ಟೋಬರಿನಲ್ಲಿ ಮೊದಲಿನಂತೆ ಕೆಲಸ ಮಾಡುತ್ತದೆಯೇ? ಇದು ಮೊದಲು ಕೇಳಬೇಕಾದದ್ದು. ಇದಕ್ಕೆ ಉತ್ತರ ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆಯಲ್ಲಿ ಸಿಗುವುದಿಲ್ಲ, ಒಳಗಿನ ವಸ್ತುವಿನ ಗುಣದಲ್ಲಿ ಸಿಗುತ್ತದೆ. ಆ ವಸ್ತುಗಳನ್ನು ರೂಪಿಸಿದ ವಿಜ್ಞಾನಿಗಳು ಯಾವ ತೊಡಕನ್ನು ಬಿಡಿಸಲು ಹೊರಟಿದ್ದರು ಎಂಬುದು ಗೊತ್ತಿದ್ದರೆ ಮಾರಾಟಗಾರರ ಮಾತನ್ನು ತೂಗಿ ನೋಡುವುದು ಸುಲಭ. ಹಾಗಾಗಿ ಈ ಹೋಲಿಕೆಯಲ್ಲಿ ಬೆಲೆಪಟ್ಟಿಗಿಂತ ಹೆಚ್ಚು ಜಾಗವನ್ನು ಪ್ರಯೋಗಾಲಯಗಳಿಗೆ ಬಿಟ್ಟುಕೊಟ್ಟಿದ್ದೇನೆ.

ನಮ್ಮ ಹವೆಯಲ್ಲಿ ಬ್ಯಾಟರಿಗೆ ಆಗುವುದೇನು

ಬ್ಯಾಟರಿಯ ಬಗ್ಗೆ ಸಿಗುವ ಹೆಚ್ಚಿನ ಸಲಹೆಗಳು ಬಯಲುಸೀಮೆಯ ಸೆಕೆಗಾಗಿ ಬರೆದವು. ಸೀಸದ ಬ್ಯಾಟರಿಯ ಆಯುಷ್ಯ 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಏರಿದಂತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಸ್ಥೂಲ ಲೆಕ್ಕ. ರಾಯಚೂರು, ಕಲಬುರಗಿಯವರಿಗೆ ಇದು ದೊಡ್ಡ ಚಿಂತೆ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿರುವ ಮಡಿಕೇರಿಯವರಿಗೆ ಅಲ್ಲ. ತಂಪಿನಲ್ಲಿ ಸೀಸದ ಬ್ಯಾಟರಿಯ ಸಾಮರ್ಥ್ಯ ಸ್ವಲ್ಪ ಕುಗ್ಗುವುದು ನಿಜ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ನೂರಕ್ಕೆ ಹತ್ತರಷ್ಟು ಕಡಿಮೆ ಸಿಕ್ಕರೆ ಆಶ್ಚರ್ಯವಿಲ್ಲ. ಆದರೆ ಚಳಿಗಾಲದಲ್ಲಿ ಕರೆಂಟು ಹೋಗುವುದೂ ಕಡಿಮೆ. ಒಟ್ಟಿನಲ್ಲಿ ಉಷ್ಣದ ವಿಷಯದಲ್ಲಿ ನಾವು ಪುಣ್ಯವಂತರು.

ನಮ್ಮ ಕಷ್ಟವೆಲ್ಲ ಮಳೆಯದು. ಗಾಳಿಗೆ ಮರ ಮುರಿದು ತಂತಿಯ ಮೇಲೆ ಬಿದ್ದರೆ ಪೇಟೆಯಲ್ಲಿ ಕೆಲವು ಗಂಟೆ, ಬಿರುನಾಣಿ ಅಥವಾ ಗಾಳಿಬೀಡಿನ ಒಳಗಿನ ಮನೆಗಳಲ್ಲಿ ದಿನಗಳೇ ಕತ್ತಲೆ. ಸೌರ ಫಲಕ ಇದೆಯಲ್ಲ ಎಂದರೆ, ದಟ್ಟ ಮೋಡದ ದಿನ ಅದರ ಉತ್ಪಾದನೆ ಬಿಸಿಲಿನ ದಿನದ ಹತ್ತರಲ್ಲಿ ಒಂದರಿಂದ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೇಲಿಂದ ಸಿಲ್ವರ್ ಓಕ್ ನೆರಳು. ಕಕ್ಕಡದಲ್ಲಿ (ಜುಲೈ–ಆಗಸ್ಟಿನ ಜಡಿಮಳೆಯ ತಿಂಗಳು) ಬ್ಯಾಟರಿ ಪೂರ್ತಿ ತುಂಬುವ ದಿನ ಬೆರಳೆಣಿಕೆಯಷ್ಟು. ಇದು ಭಾಗಮಂಡಲ, ನಾಪೋಕ್ಲು, ಮಡಿಕೇರಿ ಸುತ್ತಿನ ಮಾತು; ಕುಶಾಲನಗರದ ಕಡೆ ಮಳೆ ಎಷ್ಟೋ ಪಾಲು ಕಡಿಮೆ, ಆಗಸ್ಟಿನಲ್ಲೂ ಮಧ್ಯೆ ಮಧ್ಯೆ ಬಿಸಿಲು ಇಣುಕುತ್ತದೆ. ಒಂದೇ ಜಿಲ್ಲೆಯೊಳಗೆ ಎರಡು ಬೇರೆ ಉತ್ತರ ಬರುವುದು ಇದರಿಂದಲೇ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನು ತೆಗೆದುಬಿಡಬೇಕು. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಚಾವಣಿಗೆ ಫಲಕ ಹಾಕಿಸಿಕೊಂಡ ಕೆಲವರು, ಇನ್ನು ಕರೆಂಟು ಹೋದರೂ ಚಿಂತೆಯಿಲ್ಲ ಎಂದುಕೊಂಡಿದ್ದಾರೆ. ವಿದ್ಯುತ್ ಜಾಲಕ್ಕೆ (ಗ್ರಿಡ್‌ಗೆ) ಮಾತ್ರ ಜೋಡಿಸಿದ ಸೌರ ವ್ಯವಸ್ಥೆ, ಜಾಲದಲ್ಲಿ ಕರೆಂಟು ಹೋದ ತಕ್ಷಣ ತಾನೂ ನಿಲ್ಲುತ್ತದೆ. ಕಂಬದ ಮೇಲೆ ದುರಸ್ತಿ ಮಾಡುವ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯ ಕರೆಂಟು ಹೊಡೆಯಬಾರದು ಎಂದು ಬೇಕೆಂದೇ ಹಾಗೆ ಮಾಡಿರುತ್ತಾರೆ. ಮಳೆಗಾಲಕ್ಕೆ ಬೆಳಕು ಬೇಕೆಂದರೆ ಬ್ಯಾಟರಿ ಮತ್ತು ಫಲಕ, ಜಾಲ, ಬ್ಯಾಟರಿ ಮೂರನ್ನೂ ನಿಭಾಯಿಸುವ ಹೈಬ್ರಿಡ್ ಇನ್ವರ್ಟರ್ ಬೇಕು. ಮೂರು ಕಿಲೋವ್ಯಾಟಿಗೆ 78,000 ರೂಪಾಯಿಯವರೆಗೆ ಸಿಗುವ ಸಹಾಯಧನದ ಲೆಕ್ಕ ನಡೆಯುವುದು ಸೌರ ಘಟಕದ ಸಾಮರ್ಥ್ಯದ ಮೇಲೆ. ಬ್ಯಾಟರಿಯ ಹಣ ನಿಮ್ಮ ಕೈಯಿಂದ.

ಸೀಸ: ಹಳೆಯದು, ಆದರೆ ಹಗುರವಾಗಿ ತಳ್ಳಿಹಾಕುವಂಥದ್ದಲ್ಲ

1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ ಜಗತ್ತಿನ ಮೊದಲ ಮರುಚಾರ್ಜು ಮಾಡಬಹುದಾದ ಬ್ಯಾಟರಿಯನ್ನು ಮಾಡಿದ. ಇಂದು ಮನೆಯ ಇನ್ವರ್ಟರಿಗೆ ಬರುವ ಎತ್ತರದ ಟ್ಯೂಬುಲರ್ ಬ್ಯಾಟರಿ ಅದರ ಮೊಮ್ಮಗ. ಧನಫಲಕದ ವಸ್ತು ಉದುರಿ ತಳ ಸೇರದಂತೆ ಅದನ್ನು ಬಟ್ಟೆಯಂಥ ಕೊಳವೆಗಳಲ್ಲಿ ತುಂಬಿರುತ್ತಾರೆ, ಟ್ಯೂಬುಲರ್ ಎನ್ನುವುದು ಅದಕ್ಕೆ. ಚಪ್ಪಟೆ ಫಲಕದ ಬ್ಯಾಟರಿಗಿಂತ ಇದು ಹೆಚ್ಚು ಬಾಳುತ್ತದೆ. ಕಾರಿನ ಬ್ಯಾಟರಿಯನ್ನು ಇನ್ವರ್ಟರಿಗೆ ಹಚ್ಚುವವರು ಈಗಲೂ ಇದ್ದಾರೆ. ಅದು ಎಂಜಿನ್ ಚಾಲೂ ಮಾಡಲು ಕ್ಷಣಕಾಲ ಭಾರೀ ಕರೆಂಟು ಕೊಡುವುದಕ್ಕೆಂದು ಮಾಡಿದ್ದು, ರಾತ್ರಿಯೆಲ್ಲ ದೀಪ ಉರಿಸುವುದಕ್ಕಲ್ಲ.

ಸೀಸದ ಬ್ಯಾಟರಿ ಖಾಲಿಯಾಗುವಾಗ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಪೂರ್ತಿ ಚಾರ್ಜು ಮಾಡಿದರೆ ಅದು ಮತ್ತೆ ಕರಗಿ ಹೋಗುತ್ತದೆ. ಅರ್ಧ ಚಾರ್ಜಿನಲ್ಲೇ ವಾರಗಟ್ಟಲೆ ಬಿಟ್ಟರೆ ಆ ಸಲ್ಫೇಟ್ ದೊಡ್ಡ, ಗಟ್ಟಿ ಹರಳುಗಳಾಗುತ್ತದೆ. ಆಮೇಲೆ ಏನು ಮಾಡಿದರೂ ಪೂರ್ತಿ ಕರಗದು. ಅಷ್ಟರ ಮಟ್ಟಿಗೆ ಸಾಮರ್ಥ್ಯ ಶಾಶ್ವತವಾಗಿ ಹೋಯಿತು. ಕೊನೆಯ ನೂರಕ್ಕೆ ಇಪ್ಪತ್ತರಷ್ಟು ಚಾರ್ಜು ತುಂಬುವುದಕ್ಕೆ ಗಂಟೆಗಟ್ಟಲೆ ಬೇಕು, ಆ ಗಂಟೆಗಳೇ ನಮ್ಮ ಮಳೆಗಾಲದಲ್ಲಿ ಸಿಗದಿರುವುದು. ನಾಲ್ಕೈದು ವರ್ಷ ಬರಬೇಕಾದ ಬ್ಯಾಟರಿ ಎರಡೇ ಮಳೆಗಾಲಕ್ಕೆ ಸುಸ್ತಾಯಿತು ಎಂಬ ದೂರು ಕೇಳಿದಾಗಲೆಲ್ಲ ನನಗೆ ಮೊದಲು ಅನುಮಾನ ಬರುವುದು ಈ ಹರಳುಗಳ ಮೇಲೆ, ಆಮೇಲೆ ಕಂಪನಿಯ ಮೇಲೆ.

ಸಂಶೋಧಕರು ಇದಕ್ಕೆ ಮದ್ದು ಹುಡುಕದೆ ಇಲ್ಲ. ಋಣಫಲಕಕ್ಕೆ ಇಂಗಾಲ ಸೇರಿಸಿದರೆ ಸಲ್ಫೇಟ್ ಗಟ್ಟಿಯಾಗುವುದು ತಗ್ಗುತ್ತದೆ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯಲ್ಲಿ ಲ್ಯಾನ್ ಲ್ಯಾಮ್ ಅವರ ತಂಡ ಇದೇ ದಾರಿಯಲ್ಲಿ, ಸೀಸದ ಬ್ಯಾಟರಿಯನ್ನೂ, ಚಾರ್ಜನ್ನು ಥಟ್ಟನೆ ಹೀರಿ ಥಟ್ಟನೆ ಬಿಡುವ ಕೆಪಾಸಿಟರನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ 'ಅಲ್ಟ್ರಾ ಬ್ಯಾಟರಿ'ಯನ್ನು ರೂಪಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ. ಶುಕ್ಲಾ ಮತ್ತು ಸಂಗಡಿಗರು ಸೀಸ–ಇಂಗಾಲದ ಹೈಬ್ರಿಡ್ ಅಲ್ಟ್ರಾಕೆಪಾಸಿಟರುಗಳ ಮೇಲೆ ಕೆಲಸ ಮಾಡಿದರು. ಅಂಗಡಿಯಲ್ಲಿ 'ಲೆಡ್ ಕಾರ್ಬನ್' ಎಂಬ ಹೆಸರು ಕಂಡರೆ ಅದರ ಹಿಂದಿರುವುದು ಈ ಆಲೋಚನೆ. ಸಾಮಾನ್ಯ ಟ್ಯೂಬುಲರಿಗಿಂತ ಮಳೆಗಾಲಕ್ಕೆ ಅದು ವಾಸಿ, ಆದರೆ ಬೆಲೆಯ ವ್ಯತ್ಯಾಸ ಹೆಚ್ಚಾದರೆ ನೇರವಾಗಿ ಲಿಥಿಯಂ ಕಡೆಗೇ ಹೋಗುವುದು ಲೇಸು.

ಸೀಸದ ಪರವಾಗಿ ಹೇಳಬೇಕಾದದ್ದೂ ಸಾಕಷ್ಟಿದೆ. ಮೊದಲ ಖರ್ಚು ಕಡಿಮೆ. ಗೋಣಿಕೊಪ್ಪವಾಗಲಿ ಶನಿವಾರಸಂತೆಯಾಗಲಿ, ಅದನ್ನು ಬಲ್ಲ ಎಲೆಕ್ಟ್ರಿಷಿಯನ್ ಸಿಗುತ್ತಾರೆ. ಹಾಳಾದ ಮೇಲೂ ಸೀಸಕ್ಕೆ ಬೆಲೆಯುಂಟು, ಹಳೆಯದನ್ನು ಕೊಟ್ಟು ಹೊಸದರ ಬೆಲೆ ಇಳಿಸಿಕೊಳ್ಳಬಹುದು. ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ: ಅದರೊಳಗೆ ಎಲೆಕ್ಟ್ರಾನಿಕ್ಸ್ ಇಲ್ಲ. ಮಾರ್ಚ್–ಏಪ್ರಿಲ್ ತಿಂಗಳ ಹೂಮಳೆಯ ಜೊತೆ ಬರುವ ಸಿಡಿಲಿಗೆ ಇನ್ವರ್ಟರ್ ಸುಟ್ಟರೂ ಸೀಸದ ಬ್ಯಾಟರಿ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ.

ಲಿಥಿಯಂ: ಹೆಸರು ಒಂದು, ವಸ್ತು ಹಲವು

"ಲಿಥಿಯಂ ಬೆಂಕಿ ಹಿಡಿಯುತ್ತದಂತೆ, ಬೇಡ" ಎನ್ನುವವರಿಗೂ "ಲಿಥಿಯಂ ಹತ್ತು ವರ್ಷ ಬರುತ್ತದೆ, ಕಣ್ಣುಮುಚ್ಚಿ ಹಾಕಿ" ಎನ್ನುವವರಿಗೂ ಒಂದೇ ಉತ್ತರ: ಯಾವ ಲಿಥಿಯಂ?

1970ರ ದಶಕದಲ್ಲಿ ತೈಲ ಬಿಕ್ಕಟ್ಟಿನ ಹೊತ್ತಿನಲ್ಲಿ ಸ್ಟಾನ್ಲಿ ವಿಟ್ಟಿಂಗ್‌ಹ್ಯಾಮ್ ಅಮೆರಿಕದ ಎಕ್ಸಾನ್ ಕಂಪನಿಯಲ್ಲಿ ಟೈಟಾನಿಯಂ ಡೈಸಲ್ಫೈಡ್ ಎಂಬ ಪದರ ಪದರವಾದ ವಸ್ತುವನ್ನು ಬಳಸಿ ಹೊಸ ಬಗೆಯ ಬ್ಯಾಟರಿ ಮಾಡಿದರು. ಪುಸ್ತಕದ ಹಾಳೆಗಳ ನಡುವೆ ನವಿಲುಗರಿ ಇಟ್ಟು ತೆಗೆದಂತೆ, ಲಿಥಿಯಂ ಅಯಾನುಗಳು ಆ ಪದರಗಳ ನಡುವೆ ಸೇರಿ ಮತ್ತೆ ಹೊರಬರುತ್ತವೆ. ಹಾಳೆಗಳು ಹಾಗೆಯೇ ಉಳಿಯುತ್ತವೆ. ಸೀಸದಲ್ಲಿ ಪ್ರತಿ ಸಲವೂ ವಸ್ತು ಒಂದು ರೂಪ ಕಳೆದು ಇನ್ನೊಂದು ರೂಪ ಕಟ್ಟಿಕೊಳ್ಳಬೇಕು, ಇಲ್ಲಿ ಆ ಕಷ್ಟವಿಲ್ಲ. ಸಾವಿರಾರು ಸಲ ಚಾರ್ಜು ಮಾಡಿದರೂ ಲಿಥಿಯಂ ತಾಳುವುದಕ್ಕೂ, ಅರ್ಧ ಚಾರ್ಜಿನಲ್ಲಿ ತಿಂಗಳಿಟ್ಟರೂ ಏನೂ ಆಗದಿರುವುದಕ್ಕೂ ಕಾರಣ ಇದೇ. ನಿಜ ಹೇಳಬೇಕೆಂದರೆ ಅರ್ಧ ಚಾರ್ಜು ಅದಕ್ಕೆ ಪೂರ್ತಿ ಚಾರ್ಜಿಗಿಂತ ಹಿತ.

ವಿಟ್ಟಿಂಗ್‌ಹ್ಯಾಮ್ ಅವರ ಬ್ಯಾಟರಿಯ ಋಣಾಗ್ರ ಶುದ್ಧ ಲಿಥಿಯಂ ಲೋಹ, ಅದೇ ಅಪಾಯದ ಮೂಲ. ಚಾರ್ಜು ಮಾಡಿದಂತೆ ಲೋಹ ಸೂಜಿಗಳಾಗಿ ಬೆಳೆದು ಎದುರಿನ ಅಗ್ರವನ್ನು ಮುಟ್ಟಿ ಬೆಂಕಿ ಹಚ್ಚುತ್ತಿತ್ತು. 1980ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ಜಾನ್ ಗುಡ್‌ಇನಫ್ ಅವರ ತಂಡ ಕೋಬಾಲ್ಟ್ ಆಕ್ಸೈಡನ್ನು ಧನಾಗ್ರವಾಗಿಸಿ ವೋಲ್ಟೇಜನ್ನು ನಾಲ್ಕರ ಹತ್ತಿರಕ್ಕೆ ಒಯ್ದಿತು. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಲೋಹದ ಬದಲು ಇಂಗಾಲದ ಋಣಾಗ್ರ ಬಳಸಿ ಬ್ಯಾಟರಿಯನ್ನು ಮನೆಯೊಳಗೆ ಇಡಬಹುದಾದ ವಸ್ತುವನ್ನಾಗಿ ಮಾಡಿದರು. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಿತು. 2019ರ ರಸಾಯನಶಾಸ್ತ್ರದ ನೊಬೆಲ್ ಈ ಮೂವರಿಗೆ ಬಂದಾಗ ಗುಡ್‌ಇನಫ್ ಅವರಿಗೆ 97 ವರ್ಷ. ಸ್ಟಾಕ್‌ಹೋಮಿನಲ್ಲಿ ಅವರ ಪರವಾಗಿ ನೊಬೆಲ್ ಉಪನ್ಯಾಸ ಓದಿದವರು ತಮಿಳುನಾಡಿನಲ್ಲಿ ಹುಟ್ಟಿ ಐಐಟಿ ಮದ್ರಾಸಿನಲ್ಲಿ ಕಲಿತ ಅರುಮುಗಂ ಮಂತಿರಂ.

ಇಲ್ಲಿಯವರೆಗಿನದು ಮೊಬೈಲ್ ಮತ್ತು ಲ್ಯಾಪ್‌ಟಾಪಿನ ಕಥೆ. ನಮ್ಮ ಮನೆಯ ಬ್ಯಾಟರಿಯ ಕಥೆ ಶುರುವಾಗುವುದು ಆಮೇಲೆ. ಕೋಬಾಲ್ಟ್ ದುಬಾರಿ, ಸಿಗುವುದು ಹೆಚ್ಚಾಗಿ ಕಾಂಗೋದಲ್ಲಿ. ಮೇಲಾಗಿ ಬಿಸಿ ವಿಪರೀತವಾದಾಗ ಆ ಆಕ್ಸೈಡ್ ತನ್ನೊಳಗಿನ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ, ಅಂದರೆ ಬೆಂಕಿಗೆ ಬೇಕಾದದ್ದನ್ನು ತಾನೇ ಒದಗಿಸುತ್ತದೆ. ಬೆಲೆ ಕಡಿಮೆಯ ಕಬ್ಬಿಣ ಬಳಸೋಣವೆಂದರೆ ಸಾದಾ ಕಬ್ಬಿಣದ ಆಕ್ಸೈಡುಗಳಿಂದ ಸಿಗುವ ವೋಲ್ಟೇಜು ಸಾಲದು. 1980ರ ದಶಕದಲ್ಲಿ ಮಂತಿರಂ ಮತ್ತು ಗುಡ್‌ಇನಫ್ ಇದಕ್ಕೊಂದು ದಾರಿ ಕಂಡರು. ಬರಿಯ ಆಮ್ಲಜನಕದ ಬದಲು ಸಲ್ಫೇಟಿನಂಥ ಗುಂಪನ್ನು ಸೇರಿಸಿದರೆ ಅದೇ ಕಬ್ಬಿಣ ಹೆಚ್ಚು ವೋಲ್ಟೇಜು ಕೊಡುತ್ತದೆ. ಅದೇ ಹಾದಿಯಲ್ಲಿ 1997ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದಿಂದ ಲಿಥಿಯಂ ಐರನ್ ಫಾಸ್ಫೇಟಿನ ಲೇಖನ ಬಂತು; ಲೇಖಕರು ಎ.ಕೆ. ಪಾಢಿ, ಕೆ.ಎಸ್. ನಂಜುಂಡಸ್ವಾಮಿ ಮತ್ತು ಗುಡ್‌ಇನಫ್. ಫಾಸ್ಫೇಟಿನಲ್ಲಿ ಆಮ್ಲಜನಕವನ್ನು ರಂಜಕ ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಬಿಸಿಯಾದರೂ ಸುಲಭವಾಗಿ ಬಿಡುವುದಿಲ್ಲ. ಮನೆಗೆ ಈ ಬಗೆಯೇ ಸರಿ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಆದರೆ ಆ ಫಾಸ್ಫೇಟಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯುತ್ತಿರಲಿಲ್ಲ. ಮಿಶೆಲ್ ಅರ್ಮಾಂಡ್ ಮತ್ತು ಕೆನಡಾದ ಸಂಗಡಿಗರು ಅದರ ಕಣಗಳಿಗೆ ಇಂಗಾಲದ ತೆಳುಲೇಪ ಕೊಟ್ಟು ಈ ತೊಡಕನ್ನು ಬಿಡಿಸಿದರು. ಕಣಗಳನ್ನು ಇನ್ನೂ ಸಣ್ಣದು ಮಾಡಿದ್ದೂ ನೆರವಾಯಿತು. ಒಂದು ಕಾಲಕ್ಕೆ ಪ್ರಯೋಗಾಲಯದ ಕುತೂಹಲ ಎಂದುಕೊಂಡಿದ್ದ ಈ ವಸ್ತುವನ್ನು ಚೀನಾದ ಕಾರ್ಖಾನೆಗಳು ಬೃಹತ್ ಪ್ರಮಾಣದಲ್ಲಿ ಮಾಡತೊಡಗಿದ ಮೇಲೆ ಬೆಲೆ ಬಿತ್ತು. ಅಂಗಡಿಯಲ್ಲಿ ಇದನ್ನು ಎಲ್‌ಎಫ್‌ಪಿ ಅಥವಾ ಲೈಫ್‌ಪಿಒ4 ಎನ್ನುತ್ತಾರೆ. ಪೆಟ್ಟಿಗೆಯ ಮೇಲೆ 12.8 ವೋಲ್ಟ್, 25.6 ವೋಲ್ಟ್, 51.2 ವೋಲ್ಟ್ ಎಂದಿದ್ದರೆ ಬಹುತೇಕ ಅದು ಎಲ್‌ಎಫ್‌ಪಿ, ಏಕೆಂದರೆ ಅದರ ಒಂದೊಂದು ಕೋಶ 3.2 ವೋಲ್ಟಿನದು. ಬರಿಯ 'ಲಿಥಿಯಂ' ಎಂದಷ್ಟೇ ಬರೆದು ಮಿಕ್ಕಿದ್ದನ್ನು ಹೇಳದ ಪೆಟ್ಟಿಗೆಯನ್ನು ನಾನಂತೂ ಮುಟ್ಟುವುದಿಲ್ಲ.

ನಿಕ್ಕಲ್–ಮ್ಯಾಂಗನೀಸ್–ಕೋಬಾಲ್ಟ್, ಅಂದರೆ ಎನ್‌ಎಂಸಿ ಬಗೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ತೂಕಕ್ಕೆ ಹೋಲಿಸಿದರೆ ಶಕ್ತಿ ಜಾಸ್ತಿ, ಓಡುವ ವಾಹನಕ್ಕೆ ಒಳ್ಳೆಯದು. ಗೋಡೆಯ ಬದಿಯಲ್ಲಿ ಕೂರುವ ಬ್ಯಾಟರಿಗೆ ತೂಕ ಉಳಿಸಿ ಏನಾಗಬೇಕು? ಹಳೆಯ ಸ್ಕೂಟರ್ ಅಥವಾ ಲ್ಯಾಪ್‌ಟಾಪಿನ ಕೋಶಗಳನ್ನು ಕಟ್ಟಿ ಅಗ್ಗಕ್ಕೆ ಮಾರುವ ಪ್ಯಾಕುಗಳನ್ನಂತೂ ಮರದ ಅಟ್ಟವಿರುವ ಮನೆಯೊಳಗೆ ತರಲೇಬೇಡಿ.

ಲೆಕ್ಕ ಹಾಕೋಣ

12 ವೋಲ್ಟ್ 150 ಎಎಚ್ ಟ್ಯೂಬುಲರ್ ಎಂದರೆ ಕಾಗದದ ಮೇಲೆ 1,800 ವ್ಯಾಟ್‌ಅವರ್. ಅದು ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಬಳಸಬಾರದು, ಉಳಿಯಿತು 900. ಇನ್ವರ್ಟರಿನಲ್ಲಿ ನೂರಕ್ಕೆ ಹದಿನೈದು ಸೋರಿತೆನ್ನಿ, ಕೈಗೆ ಬಂದದ್ದು ಸುಮಾರು 765. ಈಗ 12.8 ವೋಲ್ಟ್ 100 ಎಎಚ್ ಎಲ್‌ಎಫ್‌ಪಿ ತೆಗೆದುಕೊಳ್ಳಿ. ಒಟ್ಟು 1,280, ನೂರಕ್ಕೆ ತೊಂಬತ್ತನ್ನು ಧೈರ್ಯವಾಗಿ ಬಳಸಬಹುದು, ಅಂದರೆ 1,152, ಇನ್ವರ್ಟರಿನ ನಷ್ಟ ಕಳೆದರೆ 980ರ ಆಸುಪಾಸು. ಎಎಚ್ ಮೂರನೇ ಒಂದು ಪಾಲು ಕಡಿಮೆ, ಸಿಗುವ ಬೆಳಕು ಹೆಚ್ಚು. ಇನ್ನು ಎಷ್ಟು ಸಲ ಚಾರ್ಜು ಮಾಡಬಹುದು ಎಂಬುದು. ಸೀಸಕ್ಕೆ ಅರ್ಧ ಖಾಲಿ ಮಾಡುವ ಲೆಕ್ಕದಲ್ಲಿ ಸಾವಿರದಿಂದ ಒಂದೂವರೆ ಸಾವಿರ, ಎಲ್‌ಎಫ್‌ಪಿಗೆ ಮೂರು ಸಾವಿರ ಮತ್ತು ಮೇಲೆ ಎನ್ನುತ್ತಾರೆ ತಯಾರಕರು. ಅಂಗಡಿಯಲ್ಲಿ ಹೇಳಿದ ಬೆಲೆಯನ್ನು ಈ ಬಳಸಬಹುದಾದ ವ್ಯಾಟ್‌ಅವರ್ ಮತ್ತು ಚಾರ್ಜಿನ ಸಂಖ್ಯೆಗಳ ಗುಣಲಬ್ಧದಿಂದ ಭಾಗಿಸಿ ನೋಡಿ. ದಿನಾ ಬಳಸುವವರಿಗೆ ಸೀಸ ಅಗ್ಗವೆಂಬ ನಂಬಿಕೆ ಅಲ್ಲೇ ಸಡಿಲವಾಗುತ್ತದೆ.

ದಿನಾ ಬಳಸುವವರಿಗೆ ಎಂದೆ. ವಿರಾಜಪೇಟೆ ಪೇಟೆಯೊಳಗೆ ಮನೆ, ಕರೆಂಟು ಹೋದರೆ ಎರಡು ಗಂಟೆಯಲ್ಲಿ ಬರುತ್ತದೆ, ಬ್ಯಾಟರಿ ತುಂಬುವುದು ಜಾಲದಿಂದಲೇ ಎಂದಾದರೆ ಸೀಸದ ಟ್ಯೂಬುಲರ್ ಸಾಕು. ವರ್ಷದ ಹೆಚ್ಚಿನ ದಿನ ಅದು ಪೂರ್ತಿ ತುಂಬಿಯೇ ಇರುತ್ತದೆ, ಹವೆಯೂ ತಂಪು. ಅದರ ಸ್ವಭಾವಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಇಂಥವರಿಗೆ ಲಿಥಿಯಂ ಮಾರುವುದು ದುಂದು ಮಾಡಿಸಿದಂತೆ. ಕುಶಾಲನಗರದ ಕಡೆಯ ಸೌರ ವ್ಯವಸ್ಥೆಗೂ, ನೀರು ಹಾಕಿ ನೋಡಿಕೊಳ್ಳುವವರು ಮನೆಯಲ್ಲಿದ್ದರೆ, ಸೀಸ ನಡೆಯುತ್ತದೆ. ಆದರೆ ಸೌರಕ್ಕೆಂದು ಕೊಳ್ಳುವಾಗ ಸಾಮರ್ಥ್ಯವನ್ನು ಸಿ10 ದರದಲ್ಲಿ ನಮೂದಿಸಿದ ಬ್ಯಾಟರಿಯನ್ನೇ ಕೇಳಿ. ಇನ್ವರ್ಟರ್ ಬ್ಯಾಟರಿಯ ಮೇಲಿರುವುದು ಸಾಮಾನ್ಯವಾಗಿ ಸಿ20, ಅಂದರೆ ಇಪ್ಪತ್ತು ಗಂಟೆ ನಿಧಾನವಾಗಿ ಬಳಸಿದರೆ ಸಿಗುವ ಸಾಮರ್ಥ್ಯ. ಬೇಗ ಬಳಸಿದರೆ ಅಷ್ಟು ಸಿಗದು.

ಭಾಗಮಂಡಲ, ಶ್ರೀಮಂಗಲ, ಮಾದಾಪುರದ ಒಳಗಿನ ತೋಟದ ಮನೆಗಳಿಗೆ ನನ್ನ ಉತ್ತರ ಎಲ್‌ಎಫ್‌ಪಿ. ಬೆಂಗಳೂರಿನಲ್ಲಿದ್ದು ತಿಂಗಳಿಗೊಮ್ಮೆ ಬಂದು ಬಾಗಿಲು ತೆಗೆಯುವ ಐನ್‌ಮನೆಗಳಿಗೂ (ಕೊಡವ ಕುಟುಂಬಗಳ ಮೂಲಮನೆ) ಅದೇ, ಏಕೆಂದರೆ ಅಲ್ಲಿ ಬ್ಯಾಟರಿ ನೀರು ಹಾಕುವವರಾರು? ಮನೆ ಮುಚ್ಚಿ ಹೋಗುವಾಗ ಎಲ್‌ಎಫ್‌ಪಿಯನ್ನು ಅರ್ಧ ಚಾರ್ಜಿನಲ್ಲಿ ಬಿಡಬೇಕು, ಸೀಸವಾದರೆ ಪೂರ್ತಿ ತುಂಬಿ. ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ನಾಲ್ಕೈದು ಎಲ್‌ಇಡಿ ಮತ್ತು ಮೊಬೈಲ್ ಚಾರ್ಜಿಗೆ 12.8 ವೋಲ್ಟಿನ 20–30 ಎಎಚ್ ಸಣ್ಣ ಎಲ್‌ಎಫ್‌ಪಿ ಮತ್ತು ನೇರ ಡಿಸಿ ದೀಪಗಳು ಸಾಕು, ಇನ್ವರ್ಟರೇ ಬೇಡ. ಹೋಂಸ್ಟೇ ನಡೆಸುವವರು ಗೀಸರನ್ನು ಬ್ಯಾಟರಿಯ ಮೇಲೆ ಹಾಕುವ ಯೋಚನೆಯನ್ನೇ ಬಿಡಬೇಕು. ಬಚ್ಚಲ ಒಲೆಯ ಸೌದೆಯ ಕೆಲಸವನ್ನು ಯಾವ ರಸಾಯನವೂ ಅಷ್ಟು ಅಗ್ಗಕ್ಕೆ ಮಾಡಿಕೊಡುವುದಿಲ್ಲ. ಒಂದು ಎಚ್‌ಪಿ ಪಂಪು ಓಡುವಾಗಲೇ 750 ವ್ಯಾಟಿಗೂ ಹೆಚ್ಚು ಎಳೆಯುತ್ತದೆ, ಚಾಲೂ ಆಗುವ ಕ್ಷಣ ಅದರ ಹಲವು ಪಟ್ಟು, ಇನ್ವರ್ಟರ್ ಅದನ್ನು ತಾಳುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಆನೆ ಬೇಲಿಯ ಲೆಕ್ಕ ಬೇರೆ. ಸೋಲಾರ್ ಬೇಲಿಯ ತಂತಿಗೆ ಶಾಕ್ ಕೊಡುವ ಎನರ್ಜೈಸರ್ ಎಳೆಯುವ ಕರೆಂಟು ಅಲ್ಪ, ಆದರೆ ಅದು ಒಂದು ರಾತ್ರಿಯೂ ನಿಲ್ಲುವಂತಿಲ್ಲ. ಮಳೆಗಾಲದಲ್ಲಿ ಬಳ್ಳಿ, ಹುಲ್ಲು ತಂತಿಗೆ ತಾಗಿ ಶಕ್ತಿ ನೆಲಕ್ಕೆ ಸೋರುತ್ತದೆ, ಬಿಸಿಲೂ ಇರುವುದಿಲ್ಲ. ಇಲ್ಲಿ ದೊಡ್ಡ ಬ್ಯಾಟರಿಗಿಂತ ದೊಡ್ಡ ಫಲಕಕ್ಕೆ ಹಣ ಹಾಕುವುದು ಜಾಣತನ. ತೋಟದ ಅಂಚಿನ ಪೆಟ್ಟಿಗೆಯಿಂದ ಬ್ಯಾಟರಿ ಕಳವಾಗುವ ಭಯವಿದ್ದರೆ ಸೀಸವೇ ಇರಲಿ, ಹೋದರೂ ನಷ್ಟ ಕಡಿಮೆ. ಎಲ್‌ಎಫ್‌ಪಿ ಹಾಕುವುದಾದರೆ ಚಾರ್ಜ್ ಕಂಟ್ರೋಲರಿನಲ್ಲಿ ಅದಕ್ಕೆ ಬೇರೆ ಆಯ್ಕೆ ಇರಲೇಬೇಕು.

ಸೋಡಿಯಂ: ಕಾಯಬೇಕೇ?

ಸೋಡಿಯಂ ಎಲ್ಲೆಲ್ಲೂ ಇದೆ, ಸಮುದ್ರದ ಉಪ್ಪಿನಲ್ಲೂ. ಲಿಥಿಯಂ ಹಾಗಲ್ಲ. ಮಂಡ್ಯ ಜಿಲ್ಲೆಯ ಮರ್ಲಗಾಲದಲ್ಲಿ ಸುಮಾರು 1,600 ಟನ್ ಲಿಥಿಯಂ ನಿಕ್ಷೇಪದ ಅಂದಾಜು ಬಂದಾಗ ಪತ್ರಿಕೆಗಳು ಸಂಭ್ರಮಿಸಿದವು, ಆದರೆ ದೇಶದ ಅಗತ್ಯದ ಮುಂದೆ ಅದು ಬಹಳ ಸಣ್ಣದು. ಹಾಗಾಗಿ ಭಾರತದ ಸಂಶೋಧಕರಿಗೆ ಸೋಡಿಯಮ್ಮಿನ ಮೇಲೆ ಒಲವು ಸಹಜ. ತೊಡಕಿರುವುದು ಅಯಾನಿನ ಗಾತ್ರದಲ್ಲಿ. ಲಿಥಿಯಮ್ಮಿಗಿಂತ ದೊಡ್ಡದಾದ ಸೋಡಿಯಂ ಅಯಾನನ್ನು, ಲಿಥಿಯಂ ಬ್ಯಾಟರಿಯ ಋಣಾಗ್ರದಲ್ಲಿ ಬಳಸುವ ಗ್ರಾಫೈಟ್ ಎಂಬ ಇಂಗಾಲ ಸರಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. 2000ದಲ್ಲಿ ಕೆನಡಾದ ಡಲ್‌ಹೌಸಿ ವಿಶ್ವವಿದ್ಯಾಲಯದ ಸ್ಟೀವನ್ಸ್ ಮತ್ತು ಜೆಫ್ ಡಾನ್, ಅಡ್ಡಾದಿಡ್ಡಿ ಪದರಗಳ 'ಹಾರ್ಡ್ ಕಾರ್ಬನ್' ಈ ಕೆಲಸಕ್ಕೆ ಆಗುತ್ತದೆಂದು ತೋರಿಸಿದ ಮೇಲೆ ದಾರಿ ತೆರೆಯಿತು. ಸಾವಯವ ತ್ಯಾಜ್ಯವನ್ನು ಗಾಳಿಯಿಲ್ಲದೆ ಸುಟ್ಟು ಹಾರ್ಡ್ ಕಾರ್ಬನ್ ಮಾಡಬಹುದು. ತೆಂಗಿನ ಚಿಪ್ಪಿನಿಂದ ಹಿಡಿದು ಸೋಸಿ ಉಳಿದ ಕಾಫಿ ಚರಟದವರೆಗೆ ಏನೇನನ್ನೋ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದ್ದಾರೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆಯವರು ಈ ಸುದ್ದಿಯ ಮೇಲೆ ಒಂದು ಕಣ್ಣಿಟ್ಟಿರಬೇಕು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ 2025ರಲ್ಲಿ ಪ್ರಕಟಿಸಿದ ಕೆಲಸ ಕುತೂಹಲದ್ದು. ನಾಸಿಕಾನ್ ಎಂಬ ಹರಳಿನ ಚೌಕಟ್ಟಿನ ಫಾಸ್ಫೇಟಿನಲ್ಲಿ ಅಲ್ಯೂಮಿನಿಯಂ ಸೇರಿಸಿ, ಕಣಗಳನ್ನು ನ್ಯಾನೋ ಗಾತ್ರಕ್ಕಿಳಿಸಿ, ಇಂಗಾಲ ಹೊದಿಸಿ, ಆರು ನಿಮಿಷದಲ್ಲಿ ನೂರಕ್ಕೆ ಎಂಬತ್ತು ಚಾರ್ಜಾಗಿ 3,000ಕ್ಕೂ ಹೆಚ್ಚು ಸಲ ಬಾಳುವ ಸೋಡಿಯಂ ಬ್ಯಾಟರಿಯನ್ನು ಅವರು ತೋರಿಸಿದರು. ಇಂಗಾಲದ ಹೊದಿಕೆ ಮತ್ತು ಸಣ್ಣ ಕಣ: ಎಲ್‌ಎಫ್‌ಪಿಯನ್ನು ಮೇಲೆತ್ತಿದ ಎರಡು ಉಪಾಯಗಳು ಇಲ್ಲಿಯೂ ಕೆಲಸಕ್ಕೆ ಬಂದಿವೆ. ಮಡಿಕೇರಿಯ ಆಗಸ್ಟಿನಲ್ಲಿ ಅರ್ಧ ಗಂಟೆ ಬಿಸಿಲು ಬಂದರೆ ಅಷ್ಟರಲ್ಲೇ ಹೀರಿಕೊಳ್ಳುವ ಬ್ಯಾಟರಿಯೆಂದರೆ ಆಸೆಯಾಗುವುದು ಸಹಜ. ಆದರೆ ಚಾರ್ಜಿನ ವೇಗ ಬ್ಯಾಟರಿಯ ಗುಣ ಮಾತ್ರ, ಅಷ್ಟು ಕರೆಂಟನ್ನು ಕೊಡುವ ಫಲಕ ನಿಮ್ಮ ಚಾವಣಿಯ ಮೇಲೆ ಇರಬೇಕಲ್ಲ?

ಕಂಪನಿಗಳೂ ಸುಮ್ಮನಿಲ್ಲ. ಚೀನಾದ ಸಿಎಟಿಎಲ್ 2021ರಲ್ಲಿ ತನ್ನ ಸೋಡಿಯಂ ಬ್ಯಾಟರಿಯನ್ನು ಘೋಷಿಸಿತು. ಬ್ರಿಟನ್ನಿನ ಫ್ಯಾರಾಡಿಯಾನ್ ಕಂಪನಿಯನ್ನು ಕೊಳ್ಳುವುದಾಗಿ ರಿಲಯನ್ಸ್ ಅದೇ ವರ್ಷದ ಕೊನೆಯಲ್ಲಿ ಹೇಳಿತು. ಆದರೂ ಕೊಡಗಿನ ಮನೆಗೆ ಇಂದು ಸೋಡಿಯಂ ಬೇಡವೆನ್ನುತ್ತೇನೆ, ಕಾರಣ ಎರಡು. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲೂ ಕೆಲಸ ಮಾಡುತ್ತದೆ ಎಂಬ ಅದರ ದೊಡ್ಡ ಹಿರಿಮೆ ನಮಗೆ ಉಪಯೋಗವಿಲ್ಲ; ತಡಿಯಂಡಮೋಳ್ ಬೆಟ್ಟದ ತುದಿಯಲ್ಲಿ ಯಾರೂ ಇನ್ವರ್ಟರ್ ಇಟ್ಟಿಲ್ಲ. ಎರಡನೆಯದಾಗಿ, ಖಾಲಿಯಾಗುತ್ತಾ ಹೋದಂತೆ ಅದರ ವೋಲ್ಟೇಜು ಬಹಳ ಇಳಿಯುತ್ತದೆ, ಈಗಿನ ಹೆಚ್ಚಿನ ಇನ್ವರ್ಟರುಗಳು ಮಧ್ಯದಲ್ಲೇ ಸಾಕೆಂದು ಕೈಬಿಡುತ್ತವೆ. ಕೆಲವು ವರ್ಷಗಳಲ್ಲಿ ಈ ಮಾತು ಹಳತಾದರೆ ಸಂತೋಷವೇ.

ಘನ ಸ್ಥಿತಿಯ ಬ್ಯಾಟರಿಯದು, ಅಂದರೆ ಅಯಾನುಗಳು ಹರಿಯುವ ಎಲೆಕ್ಟ್ರೊಲೈಟ್ ದ್ರವದ ಬದಲು ಗಟ್ಟಿ ವಸ್ತುವಾಗಿರುವ ಬ್ಯಾಟರಿಯದು, ಇನ್ನೂ ದೂರದ ಮಾತು. ವಿಟ್ಟಿಂಗ್‌ಹ್ಯಾಮ್ ಅವರನ್ನು ಕಾಡಿದ ಲೋಹದ ಸೂಜಿಗಳು ಅಲ್ಲಿಯೂ ತಲೆಯೆತ್ತುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ನಾಗ ಫಣಿ ಏತುಕೂರಿ ಅವರ ತಂಡ, ಲಿಥಿಯಂ ಮತ್ತು ಘನ ಎಲೆಕ್ಟ್ರೊಲೈಟಿನ ನಡುವೆ ಟಂಗ್‌ಸ್ಟನ್ನಿನಂಥ ಲೋಹದ ಅತಿ ತೆಳು ಪದರ ಹಾಕಿದರೆ ಸೂಜಿ ಬೆಳೆಯುವುದು ತಡವಾಗುತ್ತದೆಂದು 2022ರಲ್ಲಿ ತೋರಿಸಿತು. ವಿಜ್ಞಾನ ಸೊಗಸಾಗಿದೆ. ಅಂಗಡಿಯಲ್ಲಿ ಯಾರಾದರೂ ಮನೆಯ ಇನ್ವರ್ಟರಿಗೆ 'ಸಾಲಿಡ್ ಸ್ಟೇಟ್' ಎಂದು ಅಗ್ಗಕ್ಕೆ ಮಾರಿದರೆ ಮಾತ್ರ ನಂಬಬೇಡಿ.

ಜೋಡಿಸುವಾಗ

ಹಳೆಯ ಇನ್ವರ್ಟರಿಗೇ ಎಲ್‌ಎಫ್‌ಪಿ ಹಾಕಬಹುದೇ ಎಂದು ಕೇಳುವವರು ಬಹಳ. ಅದರಲ್ಲಿ ಲಿಥಿಯಂ ಎಂಬ ಆಯ್ಕೆ ಇದ್ದರೆ ಹಾಕಬಹುದು. ಟ್ಯೂಬುಲರಿನ ಹರಳು ಕರಗಿಸಲೆಂದು ಇನ್ವರ್ಟರ್ ಆಗಾಗ 15 ವೋಲ್ಟಿನ ಮೇಲಕ್ಕೆ ಏರಿಸುತ್ತದೆ, 12.8 ವೋಲ್ಟಿನ ಎಲ್‌ಎಫ್‌ಪಿಯ ಮಿತಿ 14.6. ಮಿತಿ ಮೀರಿದಾಗ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ನಿಯಂತ್ರಕ) ತಂತಾನೇ ಸಂಪರ್ಕ ಕಡಿದು ಬ್ಯಾಟರಿಯನ್ನು ಕಾಪಾಡುತ್ತದೆ, ಮನೆ ಕತ್ತಲಾಗುತ್ತದೆ, ನೀವು ಅಂಗಡಿಯವರನ್ನು ಬೈಯುತ್ತೀರಿ. ಇನ್ನೊಂದು ಸಂಗತಿ, ಎಲ್‌ಎಫ್‌ಪಿಯ ವೋಲ್ಟೇಜು ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಸಮ ಇರುವುದರಿಂದ ಹಳೆಯ ಇನ್ವರ್ಟರಿನ ಚಾರ್ಜ್ ಸೂಚಕವನ್ನು ನೆಚ್ಚುವಂತಿಲ್ಲ.

ಸೀಸದ ಬ್ಯಾಟರಿ ಚಾರ್ಜಾಗುವಾಗ ಜಲಜನಕ ಬಿಡುತ್ತದೆ. ಗಾಳಿಯಾಡುವ ಜಾಗ ಬೇಕು, ಒಲೆಯ ಬಳಿ ಸಲ್ಲದು, ಕಾಫಿ ಚೀಲ ಇಡುವ ಕೋಣೆಯಂತೂ ಬೇಡವೇ ಬೇಡ: ಕಾಫಿ ಯಾವ ವಾಸನೆಯನ್ನಾದರೂ ಹೀರಿಕೊಂಡೀತು. ನಮ್ಮ ತೇವಕ್ಕೆ ಟರ್ಮಿನಲ್ಲಿನ ಮೇಲೆ ಬೆಳೆಯುವ ಬಿಳಿ-ಹಸಿರು ಪುಡಿಯನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ವ್ಯಾಸಲಿನ್ ಹಚ್ಚಬೇಕು. ಎಲ್‌ಎಫ್‌ಪಿಗೆ ತೇವವೂ ಸಿಡಿಲೂ ವೈರಿಗಳು, ಎರಡೂ ಹೊಡೆಯುವುದು ಬಿಎಂಎಸ್‌ಗೆ. ಹಾಗಾಗಿ ಅರ್ಥಿಂಗ್ ಸರಿಯಿದೆಯೇ ಎಂದು ನೋಡಿಸಿ, ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಲಿಥಿಯಮ್ಮಿಗೆ ಅಷ್ಟು ಹಣ ಕೊಟ್ಟವರು ಇದರಲ್ಲಿ ಉಳಿತಾಯ ಮಾಡುವುದು ವಿಚಿತ್ರ.

2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆ ತಯಾರಕರದು. ಸೀಸವನ್ನು ಅಂಗಡಿಯವರೇ ಕೇಳಿ ತೆಗೆದುಕೊಳ್ಳುತ್ತಾರೆ. ಲಿಥಿಯಂ ಕೊಳ್ಳುವಾಗ ಮಾತ್ರ, ಹಳತಾದ ಮೇಲೆ ಎಲ್ಲಿಗೆ ತಂದುಕೊಡಬೇಕು ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ವಾರಂಟಿ ಪತ್ರದಲ್ಲಿ ವರ್ಷಗಳ ಸಂಖ್ಯೆಗಿಂತ, ಆ ವರ್ಷಗಳ ಕೊನೆಗೆ ನೂರಕ್ಕೆ ಎಷ್ಟು ಸಾಮರ್ಥ್ಯ ಉಳಿದಿರುತ್ತದೆಂದು ಬರೆದಿದ್ದಾರೆ ಎಂಬುದನ್ನು ಓದಿ. ಬಿಎಂಎಸ್ ಕೆಟ್ಟರೆ ಮಡಿಕೇರಿಯಲ್ಲೇ ದುರಸ್ತಿಯೋ, ಮೈಸೂರಿಗೆ ಒಯ್ಯಬೇಕೋ ಎಂದೂ ಕೇಳಿ.

ಕೊಳ್ಳುವುದಕ್ಕೆ ಮೇ ತಿಂಗಳ ಕೊನೆಯವರೆಗೆ ಕಾಯಬೇಡಿ. ಆಗ ಎಲ್ಲರಿಗೂ ಒಟ್ಟಿಗೇ ನೆನಪಾಗಿ ಎಲೆಕ್ಟ್ರಿಷಿಯನ್ ಕೈಗೆ ಸಿಗುವುದಿಲ್ಲ. ಫೆಬ್ರವರಿಯಲ್ಲಿ ಕಾಫಿ ಕೊಯ್ಲಿನ ಗಡಿಬಿಡಿ ಇಳಿದ ಮೇಲೆ ಜೋಡಿಸಿದರೆ ಹೊಸ ಬ್ಯಾಟರಿಗೆ ಎರಡು-ಮೂರು ತಿಂಗಳ ಬಿಸಿಲು ಸಿಗುತ್ತದೆ, ಏನಾದರೂ ಕೊರತೆ ಇದ್ದರೆ ಮಳೆಗೆ ಮೊದಲೇ ಗೊತ್ತಾಗುತ್ತದೆ. ಸೀಸದ ಬ್ಯಾಟರಿಯಾದರೆ ಮೈಮೇಲಿನ ತಯಾರಿಕೆಯ ತಿಂಗಳನ್ನು ನೋಡಿಯೇ ಕೊಳ್ಳಿ: ಆರು ತಿಂಗಳಿಗಿಂತ ಹಳೆಯದು ಚಾರ್ಜು ಕಾಣದೆ ಗೋದಾಮಿನಲ್ಲೇ ಕುಳಿತಿದ್ದರೆ, ಅದರ ಫಲಕಗಳ ಮೇಲೆ ಹರಳುಗಟ್ಟುವುದು ನಿಮ್ಮ ಮನೆಗೆ ಬರುವ ಮೊದಲೇ ಶುರುವಾಗಿರುತ್ತದೆ.